ತವರಿಗೆ ಹೋದ ಅವ್ವನ ಫೋಟೋ

ನಮ್ಮ ಸಂಪಾದಕರು ಫೋಟೋ ನೋಡುವುದೇ ಒಂದು ನಮೂನೆ. ಮೊದಲು ಕನ್ನಡಕ ತೆಗೆದು ನೋಡುವರು, ಆಮೇಲೆ ಹಾಕಿಕೊಂಡು ನೋಡುವರು, ಕೊನೆಗೆ ಅಡಿಬರಹವನ್ನು ಅಂಗೈಯಿಂದ ಮುಚ್ಚಿ, "ಈ ಫೋಟೋ ಏನ ಹೇಳತೈತಿ ಹೇಳವಾ" ಎಂದು ನನ್ನನ್ನು ಕೇಳುವರು. ನಾನು ಹೇಳಿದ್ದೇ ಅಡಿಬರಹದಲ್ಲೂ ಇದ್ದರೆ, "ಹಂಗಾರ ಅಡಿಬರಹ ತಗಿ, ಜಾಗಾ ಉಳೀತು" ಎನ್ನುವರು. ಬೇರೆ ಇದ್ದರೆ, "ಹಂಗಾರ ಫೋಟೋನ ತಗಿ." ಒಟ್ಟಿನಲ್ಲಿ ಎರಡರಲ್ಲಿ ಒಂದು ಹೋಗಲೇಬೇಕು. ನಾನು ಎಷ್ಟೋ ಸಲ ಸಿಟ್ಟಿಗೆದ್ದು, ತೆಗೆದೆ ಎಂದು ಸುಳ್ಳು ಹೇಳಿ ಎರಡನ್ನೂ ಉಳಿಸಿದ್ದೇನೆ. ಅವರಿಗೆ ಅದು ಗೊತ್ತಾಗುತ್ತಿತ್ತು, ಗೊತ್ತಾದದ್ದನ್ನು ತೋರಿಸುತ್ತಿರಲಿಲ್ಲ.

ಜಮಖಂಡಿಯಲ್ಲಿ ಒಂದು ಬೀಜ-ಗೊಬ್ಬರದ ಅಂಗಡಿ, ಅದರ ಮಹಡಿಯ ಮೇಲೆ ಎರಡು ಕೋಣೆ. ಅಷ್ಟೇ ನಮ್ಮ ಪತ್ರಿಕೆ. ನಾಲ್ಕು ಪುಟದ ದಿನಪತ್ರಿಕೆಗೆ ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿ ದಾಟಿ ಲೋಕವಿರಲಿಲ್ಲ. ದಿಲ್ಲಿಯಲ್ಲಿ ಸರ್ಕಾರ ಬಿದ್ದರೂ ನಮ್ಮ ಮುಖಪುಟದಲ್ಲಿ ಕಬ್ಬಿನ ಟ್ರ್ಯಾಕ್ಟರ್ ಬಿದ್ದ ಸುದ್ದಿಯೇ ಮೇಲೆ. ನಾನು ಬನಹಟ್ಟಿಯ ನೇಕಾರರ ಮನೆಯವಳು, ದಿನಾ ಬಸ್ಸಿಗೆ ಬಂದು ಕಂಪ್ಯೂಟರಿನಲ್ಲಿ ಪುಟ ಕಟ್ಟುತ್ತಿದ್ದೆ. ಗೊಬ್ಬರದ ವಾಸನೆ ಮೊದಮೊದಲು ತಲೆನೋವು ತರಿಸುತ್ತಿತ್ತು, ಆಮೇಲೆ ಅದಿಲ್ಲದಿದ್ದರೆ ಕೆಲಸಕ್ಕೆ ಬಂದ ಹಾಗೇ ಅನಿಸುತ್ತಿರಲಿಲ್ಲ.

ಅವರು ತೀರಿಕೊಂಡಾಗ ಎಲ್ಲ ಪತ್ರಿಕೆಗಳೂ 'ನಿರ್ಭೀತ ಪತ್ರಕರ್ತ' ಎಂದು ಬರೆದವು. ಓದಿ ನನಗೆ ನಗು ಬಂತು, ದುಃಖವೂ ಆಯಿತು. ಆ ಮನುಷ್ಯ ಹಲ್ಲಿ ಕಂಡರೆ ಕುರ್ಚಿಯ ಮೇಲೆ ಕಾಲೆತ್ತಿಕೊಳ್ಳುತ್ತಿದ್ದರು. ಹೆಂಡತಿಯ ಫೋನ್ ಬಂದರೆ ಎದ್ದು ನಿಂತು ಮಾತಾಡುತ್ತಿದ್ದರು. ಊಟವಾದ ಮೇಲೆ ಮೇಜಿನ ಮೇಲೆ ತಲೆಯಿಟ್ಟು ಗೊರಕೆ ಹೊಡೆದು, ಎದ್ದ ಕೂಡಲೇ "ನಾ ವಿಚಾರ ಮಾಡಾಕತ್ತಿದ್ನಿ" ಎನ್ನುತ್ತಿದ್ದರು. ಎದುರು ಪತ್ರಿಕೆಯವರಿಗೆ ಒಳ್ಳೆಯ ಸುದ್ದಿ ಸಿಕ್ಕಿದರೆ ಎರಡು ದಿನ ಯಾರ ಜೊತೆಗೂ ಸರಿಯಾಗಿ ಮಾತಾಡುತ್ತಿರಲಿಲ್ಲ. ಹೊಗಳಿಕೆ ಎಂಬುದು ಅವರ ಬಾಯಿಂದ ಬಂದದ್ದನ್ನು ನಾನು ಕೇಳಿಲ್ಲ. ತುಂಬಾ ಮೆಚ್ಚಿದರೆ, "ಇರ್ಲಿ ಬಿಡು" ಎನ್ನುವರು. ಆ "ಇರ್ಲಿ ಬಿಡು" ಸಿಕ್ಕ ದಿನ ನಾನು ಬನಹಟ್ಟಿಯ ಬಸ್ಸಿನಲ್ಲಿ ಸೀಟು ಸಿಗದಿದ್ದರೂ ಖುಷಿಯಿಂದ ನಿಂತುಕೊಂಡು ಹೋಗುತ್ತಿದ್ದೆ.

ಒಮ್ಮೆ ಒಬ್ಬ ದೊಡ್ಡ ಸ್ವಾಮಿಗಳು ವೇದಿಕೆಯ ಮೇಲೆ, ಪಕ್ಕದವರು ಪ್ರವಚನ ಹೇಳುವಾಗ, ಬಾಯಿ ತೆರೆದು ನಿದ್ದೆ ಹೋಗಿದ್ದರು. ನಮ್ಮ ಫೋಟೋಗ್ರಾಫರ್ ಮುತ್ತು ಅದನ್ನು ಹೊಡೆದುಕೊಂಡು ಬಂದ. ಮುತ್ತು ಮೂವತ್ತು ದಾಟಿದ ಸಂಸಾರಸ್ಥ, ಮದುವೆಗಳ ಫೋಟೋ ತೆಗೆಯುವುದು ಹೊಟ್ಟೆಪಾಡಿಗೆ, ಪತ್ರಿಕೆಯದು ಹುಚ್ಚಿಗೆ. ಸಂಪಾದಕರು ಆ ಫೋಟೋವನ್ನು ಮುಖಪುಟದಲ್ಲಿ ಹಾಕಿಸಿದರು. ಮರುದಿನ ಭಕ್ತರು ಮೆಟ್ಟಿಲು ತುಂಬ ನೆರೆದರು. "ನಮ್ಮ ಬುದ್ಧಿಯವ್ರ ಮರ್ಯಾದಿ ತಗದ್ರಿ" ಎಂದು ಕೂಗಾಡಿದರು. ಇವರು ಕುರ್ಚಿ ಬಿಟ್ಟು ಏಳಲಿಲ್ಲ.

"ನಿದ್ದಿ ಮಾಡಿದ್ದು ಖರೆ ಐತಿಲ್ಲೋ?"

"ಐತ್ರಿ, ಆದ್ರ..."

"ಮಠದಾಗ ಮಲಗಿದಾಗ ತಗದಿದ್ರ ನಾ ನಿಮ್ಮ ಕಾಲಿಗಿ ಬೀಳತಿದ್ನಿ. ವೇದಿಕಿ ಏರಿದವರು ನೋಡ್ಲಿ ಅಂತನ ಏರಿರ್ತಾರ. ಚಾ ಕುಡೀತೀರೇನು?"

ಹಾಗೆಂದು ಯಾರ ಮಾತನ್ನೂ ಕೇಳದ ಮೊಂಡರೂ ಅಲ್ಲ. ಒಂದು ರಂಜಾನಿಗೆ ಯಾರೋ ರಾಜಕಾರಣಿ ಶುಭಾಶಯದ ಜಾಹೀರಾತನ್ನು ತಯಾರು ಮಾಡಿಯೇ ಕಳಿಸಿದ್ದ, ಅದರಲ್ಲಿ ಅರಬ್ಬಿ ಅಕ್ಷರದಲ್ಲಿ ಕುರಾನಿನ ಒಂದು ಸಾಲು ಇತ್ತು. ಮರುದಿನ ಮುಧೋಳದಿಂದ ಒಬ್ಬ ಹಿರಿಯರು ಬಂದರು. ಬಸ್ ಸ್ಟ್ಯಾಂಡಿನಲ್ಲಿ ಬಿದ್ದಿದ್ದ, ಮಿರ್ಚಿ ಗಾಡಿಯಲ್ಲಿ ಎಣ್ಣೆ ಹಿಡಿದಿದ್ದ ನಮ್ಮ ಪತ್ರಿಕೆಯ ಹಾಳೆಗಳನ್ನು ಒಂದು ಬಿಳಿ ಬಟ್ಟೆಯಲ್ಲಿ ಸುತ್ತಿ ತಂದಿದ್ದರು. ಬೈಯಲಿಲ್ಲ. "ಸಾಹೇಬ್ರ, ಇದನ್ನ ಎಲ್ಲಿ ಇಡಬೇಕ್ರಿ? ನನಗ ಬಿಸಾಕಾಕ ಬರೂದಿಲ್ಲ" ಎಂದರು, ಅಷ್ಟೇ. ಸಂಪಾದಕರು ಎದ್ದು ಎರಡೂ ಕೈಯಿಂದ ಆ ಗಂಟು ತೆಗೆದುಕೊಂಡರು. ಅಂದಿನಿಂದ ನಮ್ಮ ಪತ್ರಿಕೆಯಲ್ಲಿ ಯಾವ ಧರ್ಮದ ಪವಿತ್ರ ಅಕ್ಷರವನ್ನೂ, ಹಬ್ಬದ ದಿನ ದೇವರ ದೊಡ್ಡ ಚಿತ್ರವನ್ನೂ ಹಾಕಲಿಲ್ಲ. ಜಾಹೀರಾತಿನವರು ಗೊಣಗಿದರೆ, "ಮುಂಜಾನಿ ಪೇಪರು ಟೇಬಲ್ ಮ್ಯಾಲ, ಸಂಜಿಗಿ ಮಿರ್ಚಿ ಕೆಳಗ. ದೇವ್ರು ಅಲ್ಲಿಗಿ ಯಾಕ ಹೋಗಬೇಕು?" ಎನ್ನುತ್ತಿದ್ದರು.

ಸ್ವಾಮಿಗಳ ಭಕ್ತರಿಗೆ ಒಂದು ನ್ಯಾಯ, ಆ ಮುಧೋಳದ ಅಜ್ಜನಿಗೆ ಒಂದು ನ್ಯಾಯ ಯಾಕೆ ಎಂದು ನಾನು ಕೇಳಿದ್ದೆ. "ಬೇಡಿಕಿ ಬ್ಯಾರೆ, ಬೆದರಿಕಿ ಬ್ಯಾರೆ" ಎಂದರು. ಆ ಮಾತು ಅವರಿಗೆ ಬಹಳ ಸೇರಿತ್ತು. ಸಭೆಗಳಲ್ಲೂ ಹೇಳುವರು, ಹೇಳಿ ಚಪ್ಪಾಳೆಗಾಗಿ ಸ್ವಲ್ಪ ತಡೆಯುವರು. ಆದರೆ ಒಂದೇ ಫೋಟೋಕ್ಕೆ ಬೆದರಿಕೆ ಬೆಳಿಗ್ಗೆ ಬಂದು, ಬೇಡಿಕೆ ಮಧ್ಯಾಹ್ನ ಬಂದರೆ ಏನು ಮಾಡಬೇಕು ಎಂಬುದು ಆ ಮಾತಿನಲ್ಲಿ ಇರಲಿಲ್ಲ.

ಅದು ಬೀಳಗಿ ಕಡೆಯ ಒಂದು ಊರಿನ ಗ್ರಾಮದೇವತೆ ದ್ಯಾಮವ್ವನ ಫೋಟೋ. ಊರಿನ ಹೆಸರು ಬರೆಯುವುದಿಲ್ಲ, ಅಲ್ಲಿಯವರಿಗೆ ಗೊತ್ತೇ ಇದೆ. ನಮ್ಮ ಕಡೆ ದ್ಯಾಮವ್ವನ ಮೂರ್ತಿ ಕಟ್ಟಿಗೆಯದು. ಕೆಲವು ವರ್ಷಕ್ಕೊಮ್ಮೆ ಹಳೆಯ ಬಣ್ಣ ಕೆರೆದು ಹೊಸದು ಬಳಿಯುತ್ತಾರೆ. ಆಗ ಆ ಊರಿನವರು ದೇವಿ ಬಣ್ಣಕ್ಕೆ ಹೋಗಿದ್ದಾಳೆ ಎನ್ನುವುದಿಲ್ಲ, "ಅವ್ವ ತವರಿಗಿ ಹೋಗ್ಯಾಳ" ಎನ್ನುತ್ತಾರೆ. ಗುಡಿಯ ಬಾಗಿಲು ಹಾಕುತ್ತಾರೆ, ದೀಪವಿಲ್ಲ, ಊರಲ್ಲಿ ಮದುವೆಯಿಲ್ಲ. ಮೈಮೇಲೆ ಬಣ್ಣವಿಲ್ಲದ, ಸೀರೆಯಿಲ್ಲದ, ಕಣ್ಣು ಬರೆಯದ ಅವ್ವನನ್ನು ಬಣ್ಣದವರು ಮತ್ತು ಸೀರೆ ಉಡಿಸುವ ಮನೆತನದ ಹೆಣ್ಣುಮಗಳನ್ನು ಬಿಟ್ಟು ಯಾರೂ ನೋಡುವಂತಿಲ್ಲ. ಬೇರೆ ಗಂಡಸರಂತೂ ಆ ಕಡೆ ಹಾಯುವುದೇ ಇಲ್ಲ.

ಆ ಸಲ ಗುಡಿಯ ಕಮಿಟಿಯವರು ಅವ್ವನನ್ನು ಯಾವಾಗಿನ ಬಣ್ಣದವರ ಮನೆಗೆ ಕಳಿಸಿರಲಿಲ್ಲ. ಮಹಾಲಿಂಗಪುರದ ಹೊರಗೆ, ಮದುವೆ ಮಂಟಪಕ್ಕೆ ಫೈಬರ್ ಗೊಂಬೆ ಮಾಡುವವನ ಶೆಡ್ಡಿಗೆ ಗುಟ್ಟಾಗಿ ಸಾಗಿಸಿದ್ದರು. ಮಂಟಪದ ಕೆಲಸಕ್ಕೆಂದು ಅಲ್ಲಿಗೆ ಹೋದ ಮುತ್ತು ನೋಡಿಬಿಟ್ಟ. ಪ್ಲಾಸ್ಟಿಕ್ ಟಾರ್ಪಾಲಿನ ಮೇಲೆ ಅವ್ವ ಬೋರಲು ಮಲಗಿದ್ದಳು. ಬೆನ್ನು ಪೂರ್ತಿ ಗೆದ್ದಲು ತಿಂದು ಪೊಳ್ಳಾಗಿತ್ತು. ಒಂದು ತೋಳು ಬೇರೆಯಾಗಿ ಪಕ್ಕದಲ್ಲಿತ್ತು. ತಲೆಯ ಹತ್ತಿರ, ಕಾರುಗಳ ನೆಗ್ಗು ಮುಚ್ಚಲು ತುಂಬುವ ಪುಟ್ಟಿಯ ಡಬ್ಬಿ. ಮುತ್ತು ಫೋಟೋ ತೆಗೆದ.

ವಿಷಯ ಏನೆಂದರೆ, ಗುಡಿಯ ಮಾಳಿಗೆ ವರ್ಷಗಟ್ಟಲೆ ಸೋರಿದ್ದನ್ನು ಕಮಿಟಿಯವರು ನೋಡಿಯೂ ಬಿಟ್ಟಿದ್ದರು. ಕಟ್ಟಿಗೆ ಕೆಟ್ಟರೆ ಊರನ್ನೆಲ್ಲ ಕೂಡಿಸಿ, ಹೊಸ ಮೂರ್ತಿ ಕೆತ್ತಿಸಿ, ಹಳೆಯದನ್ನು ಹೊಳೆಗೆ ಕಳಿಸಬೇಕು. ಊರು ಕೂಡಿದರೆ ಯಾಕೆ ಕೆಟ್ಟಿತು ಎಂಬ ಪ್ರಶ್ನೆ ಬರುತ್ತದೆ. ಅದಕ್ಕೇ ಪೊಳ್ಳು ತುಂಬಿ, ಮೇಲೆ ಬಣ್ಣ ಹೊಡೆದು, ಗಪ್‌ಚುಪ್ ತಂದು ಕೂರಿಸುವ ಹುನ್ನಾರ. ಫೋಟೋ ಒಂದೇ ಅದಕ್ಕೆ ಸಾಕ್ಷಿ.

ಶೆಡ್ಡಿನವನು ಕಮಿಟಿಗೆ ಸುದ್ದಿ ಮುಟ್ಟಿಸಿದನೆಂದು ಕಾಣುತ್ತದೆ. ಬೆಳಿಗ್ಗೆಯೇ ಇಬ್ಬರು ಬಂದರು. "ಅವ್ವನ ಬತ್ತಲಿ ಫೋಟೋ ಹಾಕಿದ್ರ ಭಕ್ತರು ಸುಮ್ಮಕ ಕುಂಡ್ರಂಗಿಲ್ಲ. ಆಫೀಸಿಗಿ ಬೆಂಕಿ ಬಿದ್ರ ನಮ್ಮನ್ನ ಅನಬ್ಯಾಡ್ರಿ" ಎಂದರು.

"ಹಿಂಗ ಹೇಳಿದ್ರಲ್ಲ, ಈಗ ಹಾಕೂದ ಖರೆ" ಎಂದರು ಇವರು. ಅವರು ಇಳಿದು ಹೋದ ಮೇಲೆ ನನಗೆ, "ಮುಖಪುಟ, ನಾಕು ಕಾಲಂ" ಎಂದರು. ನಾನು ಫೋಟೋ ಕೂರಿಸಿದೆ. ನನಗೂ ಉಮೇದಿ ಬಂದಿತ್ತು. ಸುಳ್ಳು ಹೇಳುವವರ ಮುಖಕ್ಕೆ ಹೊಡೆಯುವಂಥ ಪುಟ ವರ್ಷಕ್ಕೆ ಒಂದು ಸಿಗುತ್ತದೆ, ಅದನ್ನು ಕಟ್ಟುವುದರಲ್ಲಿ ಒಂದು ಸುಖವಿದೆ.

ಮಧ್ಯಾಹ್ನ ಗಂಗವ್ವ ಬಂದಳು. ಎಪ್ಪತ್ತರ ಹತ್ತಿರದ ಹೆಂಗಸು, ಹಣೆಯ ತುಂಬ ವಿಭೂತಿ, ಮೆಟ್ಟಿಲು ಹತ್ತಿದ ದಣಿವಿಗೆ ಬಾಗಿಲ ಹತ್ತಿರವೇ ಕುಳಿತುಬಿಟ್ಟಳು. ದ್ಯಾಮವ್ವನಿಗೆ ಸೀರೆ ಉಡಿಸುವ ಮನೆತನ ಅವಳದು, ಅವಳ ಅತ್ತೆಯಿಂದ ಅವಳ ಕೈಗೆ ಬಂದ ಹಕ್ಕು. ಕಮಿಟಿಯವರು ಫೋಟೋದ ಬಗ್ಗೆ ಊರಲ್ಲಿ ಹಾರಾಡಿದ್ದನ್ನು ಕೇಳಿ ಬಸ್ಸು ಹತ್ತಿದ್ದಳು. ಅವರು ಗೆದ್ದಲಿನ ಮಾತನ್ನು ಮಾತ್ರ ಎಲ್ಲಿಯೂ ಎತ್ತಿರಲಿಲ್ಲ.

"ಯಪ್ಪಾ, ನೀವು ದೊಡ್ಡವರದೀರಿ. ನಿಮಗ ಹೇಳಾಕ ಬಂದಿಲ್ಲ, ಕೇಳಾಕ ಬಂದೀನಿ. ನಿಮ್ಮವ್ವ ಜಳಕದ ಮನ್ಯಾಗ ಇದ್ದಾಗ ಯಾರರೆ ಫೋಟೋ ತಗದ್ರ, ಹಾಕ್ತಿದ್ರೇನು?"

ಸಂಪಾದಕರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. "ಅವ್ವಾರ, ಆ ಫೋಟೋದಾಗ ಬರೇ ಬತ್ತಲಿ ಇಲ್ಲ. ಬ್ಯಾರೆ ಒಂದು ಐತಿ. ನಿಮಗ ನೋಡೂ ಹಕ್ಕು ಐತಿ, ನೋಡ್ರಿ" ಎಂದರು.

"ನೋಡ್ತೀನಿ. ನೀವು ಗಂಡಸ್ರು ಹೊರಗ ನಡೀರಿ."

"ನಾವು ಆಗಲೇ ನೋಡೇವ್ರಿ..."

"ನೋಡಿದ್ದು ನೋಡಿ ಆತು. ನನ್ನ ಮುಂದ ನೋಡಬ್ಯಾಡ್ರಿ."

ತಮ್ಮದೇ ಕಚೇರಿಯಿಂದ ಹೊರಹಾಕಿಸಿಕೊಂಡು ಸಂಪಾದಕರು ಮುತ್ತುವಿನ ಜೊತೆ ಮೆಟ್ಟಿಲ ಮೇಲೆ ಹೋಗಿ ನಿಂತರು. ಬಾಗಿಲು ನಾನೇ ಹಾಕಿದೆ. ಗಂಗವ್ವ ಕಂಪ್ಯೂಟರಿನ ಮುಂದೆ ಕುಳಿತು ಕೈ ಮುಗಿದಳು, ಆಮೇಲೆ ನೋಡಿದಳು. ಬಹಳ ಹೊತ್ತು ನೋಡಿದಳು. ಅಳುತ್ತಾಳೆ ಅಂದುಕೊಂಡಿದ್ದೆ, ಅಳಲಿಲ್ಲ. ಪರದೆಯ ಮೇಲೆ ಆ ಬೆನ್ನಿನ ಜಾಗದಲ್ಲಿ ಬೆರಳು ಇಟ್ಟಳು.

"ಹ್ವಾದ ಸಲ ಸೆರಗು ಸಿಗಸೂ ಮುಂದ ಬೆರಳು ಒಳಗ ಹೋಗಿತ್ತು. ಕಮಿಟಿಯವ್ರಿಗಿ ಹೇಳಿದ್ನಿ. ಮುದುಕಿ ಕೈ ನಡಗತಾವು ಅಂದ್ರು." ಆ ಬೆರಳು ತೆಗೆಯದೆ, "ಈ ಸಲ ನನಗ ಹೇಳದನ ಒಯ್ದಾರ. ಇದಕ್ಕ ನೋಡು" ಎಂದಳು. ಆಕೆಯ ಧ್ವನಿಯಲ್ಲಿ ಸಿಟ್ಟಿತ್ತು.

ಮೆಟ್ಟಿಲ ಮೇಲಿದ್ದವರನ್ನು ಒಳಗೆ ಕರೆದೆ. ಸಂಪಾದಕರು ಕುರ್ಚಿಯಲ್ಲಿ ಕೂರಲಿಲ್ಲ. "ಹೇಳ್ರಿ ಅವ್ವಾರ. ಊರಿಗಿ ಇದು ಗೊತ್ತಾಗಬೇಕೋ ಬ್ಯಾಡೋ?"

"ಗೊತ್ತಾಗಬೇಕು. ಆದ್ರ ಆಕೀದು ಹಾಕಬ್ಯಾಡ್ರಿ. ನಂದು ಹಾಕ್ರಿ. ನಾ ನೋಡೀನಿ ಅಂತ ನಾ ಹೇಳ್ತೀನಿ."

ಮುತ್ತು ನನ್ನ ಮುಖ ನೋಡಿದ, ನಾನು ಸಂಪಾದಕರ ಮುಖ ನೋಡಿದೆ. ಅವರಿಗೆ ಇದರ ಅರ್ಥ ನಮಗಿಂತ ಮೊದಲು ಆಗಿತ್ತು. ಫೋಟೋ ಇದ್ದರೆ ಕಮಿಟಿಯವರು ಫೋಟೋದ ಜೊತೆ ಜಗಳಾಡಬೇಕು, ಇಲ್ಲದಿದ್ದರೆ ಈ ಮುದುಕಿಯ ಜೊತೆ. "ಅವ್ವಾರ, ನೀವು ಅದ ಊರಾಗ ಇರಬೇಕ್ರಿ" ಎಂದರು. "ಆಕೀನೂ ಅದ ಊರಾಗ ಇರ್ತಾಳಲ್ಲ" ಎಂದಳು ಗಂಗವ್ವ.

ಅವ್ವನ ಫೋಟೋ ತೆಗೆದು, ಅದೇ ನಾಲ್ಕು ಕಾಲಮ್ಮಿನಲ್ಲಿ ಗಂಗವ್ವನ ಮುಖ ಕೂರಿಸಿದೆ. ಆಕೆ ಹೇಳಿದ ಮಾತನ್ನು ಆಕೆ ಹೇಳಿದ ಹಾಗೆಯೇ ಹಾಕಿದೆವು. ನನಗೆ ಖರೆ ಹೇಳಬೇಕೆಂದರೆ ಸಮಾಧಾನ ಆಗಲಿಲ್ಲ. ಅಷ್ಟು ಗಟ್ಟಿ ಸಾಕ್ಷಿಯನ್ನು ಕೈಯಲ್ಲಿಟ್ಟುಕೊಂಡು ಒಬ್ಬ ಹೆಂಗಸನ್ನು ಮುಂದೆ ಮಾಡುವುದು ಯಾವ ನ್ಯಾಯ ಎಂದು ಕೇಳಿಯೇಬಿಟ್ಟೆ. "ನಾ ಮುಂದ ಮಾಡ್ಲಿಲ್ಲವಾ, ಆಕೀನ ಬಂದು ನಿಂತ್ಲು" ಎಂದರು. ಹೇಳುವಾಗ ನನ್ನ ಕಡೆ ನೋಡಲಿಲ್ಲ.

ಮರುದಿನ ಹುಬ್ಬಳ್ಳಿಯ ದೊಡ್ಡ ಪತ್ರಿಕೆಯ ಗೆಳೆಯರೊಬ್ಬರು ಫೋಟೋದ ಸುದ್ದಿ ಕೇಳಿ ಫೋನ್ ಮಾಡಿ, "ಕಡೀಕ ನೀನೂ ಅಂಜಿದಿ" ಎಂದರಂತೆ. ಫೋನ್ ಇಟ್ಟು ನನ್ನ ಹತ್ತಿರ ಬಂದು ನಿಂತರು. "ಅಂಜಿಕಿ ಇತ್ತವಾ. ಇರ್ಲಿಲ್ಲ ಅಂದ್ರ ಸುಳ್ಳಾಗತೈತಿ. ನಿನ್ನಿ ಮುಂಜಾನಿ ಅವರು ಬೆಂಕಿ ಅಂದಾಗ ಖರೇನ ಅಂಜಿದ್ನಿ. ಆದ್ರ ಬಿಟ್ಟದ್ದು ಅದಕ್ಕಲ್ಲ" ಎಂದರು. ಹಲ್ಲಿಗೆ ಅಂಜುವುದನ್ನು ಕೂಡ ಒಪ್ಪಿಕೊಳ್ಳದ ಮನುಷ್ಯ ಅವರು.

ಕಮಿಟಿಯವರು ಪತ್ರಿಕೆ ಸುಟ್ಟರು. ಫೋಟೋದಲ್ಲಿ ಗೆದ್ದಲು ಇದ್ದರೆ ತೋರಿಸಲಿ, ಮುದುಕಿಗೆ ಅರಳು-ಮರಳು ಎಂದರು. ಸೀರೆ ಉಡಿಸುವ ಹಕ್ಕನ್ನು ಆ ಮನೆತನದಿಂದ ಕಸಿದು ಕಮಿಟಿಯವರ ಬೀಗರ ಮನೆಗೆ ಕೊಟ್ಟರು. ಆ ಸುದ್ದಿ ಬಂದ ದಿನ ಸಂಪಾದಕರು ನನ್ನನ್ನೂ ಕರೆದುಕೊಂಡು ಗಂಗವ್ವನ ಮನೆಗೆ ಹೋದರು. "ಈಗ ಹಾಕ್ಲೇನ್ರಿ? ನಾಳೆ ಎಲ್ಲಾರ ಬಾಯಿ ಮುಚ್ಚತೈತಿ. ನಿಮ್ಮ ಹಕ್ಕು ನಿಮಗ ಬರತೈತಿ" ಎಂದರು. ಅವರ ಧ್ವನಿಯೇ ಬೇಡುವವರ ಧ್ವನಿಯಾಗಿತ್ತು.

ಗಂಗವ್ವ ನಮ್ಮ ಮುಂದೆ ಚಹಾ ಇಟ್ಟಳು. "ನನ್ನ ಹಕ್ಕು ಉಳಸಾಕ ಆಕೀ ಸೆರಗು ಎಳೀಲೇನ್ರಿ?"

ಇವರು ಚಹಾ ಮುಗಿಸಿ, ಆಕೆಗೆ ಕೈ ಮುಗಿದು ಎದ್ದರು.

ಆಮೇಲೆ ಆದದ್ದನ್ನು ನಾವು ಯಾರೂ ಯೋಚಿಸಿರಲಿಲ್ಲ. ಒಂದು ವಾರದೊಳಗೆ ಆ ಊರಿನ ಹೆಣ್ಣುಮಕ್ಕಳು ಟೆಂಪೋ ಮಾಡಿಕೊಂಡು ನಮ್ಮ ಕಚೇರಿಗೆ ಬಂದರು. "ಗಂಗವ್ವ ನೋಡ್ಯಾಳ ಅಂದ್ರ ನಾವೂ ನೋಡ್ತೀವಿ. ಹೆಣ್ಣುಮಕ್ಕಳು ನೋಡಿದ್ರ ಅವ್ವ ಏನೂ ಅನ್ನಂಗಿಲ್ಲ" ಎಂದರು. ಅದು ಪದ್ಧತಿಯಲ್ಲಿ ಇತ್ತೋ, ಬರುವ ದಾರಿಯಲ್ಲಿ ಟೆಂಪೋದಲ್ಲೇ ಹುಟ್ಟಿತೋ ಗೊತ್ತಿಲ್ಲ. ಸಂಪಾದಕರು ಈ ಸಲ ಹೇಳಿಸಿಕೊಳ್ಳದೆ ಎದ್ದು ಹೊರಗೆ ಹೋದರು. ನಾನು ಬಾಗಿಲು ಹಾಕಿ, ನಾಲ್ಕೈದು ಮಂದಿಯಂತೆ ಒಳಗೆ ಕರೆದು ತೋರಿಸಿದೆ. ಕೆಲವರು ಅತ್ತರು, ಒಬ್ಬಳು ಕಮಿಟಿಯಲ್ಲಿದ್ದ ತನ್ನ ಗಂಡನನ್ನೇ ಬಾಯಿಗೆ ಬಂದಂತೆ ಬೈದಳು. ಇಲ್ಲಿಂದ ನೇರವಾಗಿ ಮಹಾಲಿಂಗಪುರಕ್ಕೆ ಹೋಗಿ, ಶೆಡ್ಡಿನವನನ್ನು ಹೊರಗೆ ನಿಲ್ಲಿಸಿ, ಅವ್ವನನ್ನು ಹೊಸ ಸೀರೆಯಲ್ಲಿ ಸುತ್ತಿಕೊಂಡು ಅದೇ ಟೆಂಪೋದಲ್ಲಿ ಊರಿಗೆ ಒಯ್ದರು. ಊರು ಕೂಡಿತು, ಹೊಸ ಮೂರ್ತಿ ಆಯಿತು.

ಆದರೆ ಗಂಗವ್ವನ ಹಕ್ಕು ತಿರುಗಿ ಬರಲಿಲ್ಲ. ಒಮ್ಮೆ ಕೈ ಬದಲಾದದ್ದು ಬದಲಾಯಿತು ಎಂದು ಹಿರಿಯರು ತೀರ್ಮಾನ ಮಾಡಿದರಂತೆ. ಸಂಪಾದಕರನ್ನು ಆ ವಿಷಯ ಕೊನೆಯವರೆಗೂ ಕಾಡಿತು. ಊಟದ ನಂತರದ ನಿದ್ದೆಯಿಂದ ಎದ್ದವರು ಒಮ್ಮೊಮ್ಮೆ ಪೀಠಿಕೆಯಿಲ್ಲದೆ, "ಹಾಕಿದ್ರ ಆಕೀಗಿ ಉಳೀತಿತ್ತೇನೋ" ಎನ್ನುವರು. ನಾನು "ಹಾಕಿದ್ರ ಆಕೀ ನಿಮ್ಮ ಮುಖಾ ನೋಡ್ತಿರ್ಲಿಲ್ರಿ" ಎನ್ನುತ್ತಿದ್ದೆ. ಎರಡೂ ಖರೆಯೇ. ಬೇಡಿಕೆ ಬೇರೆ, ಬೆದರಿಕೆ ಬೇರೆ ಎಂಬ ಮಾತನ್ನು ಅವರು ಆಮೇಲೆ ಸಭೆಗಳಲ್ಲಿ ಹೇಳಿದ್ದನ್ನು ನಾನು ಕೇಳಲಿಲ್ಲ.

ಅವರು ಹೋದದ್ದು ಒಂದು ಮುಂಜಾನೆ, ಮನೆಯಲ್ಲೇ, ಎದೆನೋವಿನಿಂದ. ಸುದ್ದಿ ತಿಳಿದು ನಾನು ಬನಹಟ್ಟಿಯಿಂದ ಬರುವಷ್ಟರಲ್ಲಿ ಪಡಸಾಲೆ ಕಿಕ್ಕಿರಿದಿತ್ತು. ಚಾಪೆಯ ಮೇಲೆ ಮಲಗಿಸಿದ್ದರು. ಹರಿದ ಬನಿಯನ್ನು, ಎರಡು ದಿನದ ಗಡ್ಡ, ಬಾಯಿ ಸ್ವಲ್ಪ ತೆರೆದಿತ್ತು. ಕನ್ನಡಕವಿಲ್ಲದ ಆ ಮುಖ ನಮ್ಮ ಸಂಪಾದಕರದು ಅನಿಸಲೇ ಇಲ್ಲ. ಸುತ್ತಲೂ ಕೈಗಳು ಮೇಲೆದ್ದಿದ್ದವು, ಎಲ್ಲ ಕೈಯಲ್ಲೂ ಮೊಬೈಲು. ಯಾರೋ ಆಗಲೇ ಗ್ರೂಪಿಗೆ ಹಾಕುತ್ತಿದ್ದರು, ಇನ್ನೊಬ್ಬರು ಮುಖ ಸರಿಯಾಗಿ ಬರಲಿಲ್ಲವೆಂದು ಹತ್ತಿರ ಬಾಗುತ್ತಿದ್ದರು. ಮುತ್ತು ಮೂಲೆಯಲ್ಲಿ ಕ್ಯಾಮೆರಾ ಹೆಗಲಿಗೆ ಹಾಕಿಕೊಂಡು ಸುಮ್ಮನೆ ನಿಂತಿದ್ದ. ನಾನು ಕೂಗಲು ಬಾಯಿ ತೆರೆದೆ.

ಅಷ್ಟರಲ್ಲಿ ಗಂಗವ್ವ ಬಂದಳು. ಮಂದಿಯನ್ನು ಮೊಣಕೈಯಿಂದ ಸರಿಸುತ್ತ ಮುಂದೆ ಹೋಗಿ, ಸಂಪಾದಕರ ಕಡೆ ಬೆನ್ನು ಮಾಡಿ, ನಮ್ಮೆಲ್ಲರ ಕಡೆ ಮುಖ ಮಾಡಿ ನಿಂತಳು. ಸೆರಗನ್ನು ಎರಡೂ ಕೈಯಿಂದ ಅಗಲಕ್ಕೆ ಹಿಡಿದಳು.

"ಜಳಕ ಆಗಿಲ್ಲ, ವಿಭೂತಿ ಹಚ್ಚಿಲ್ಲ. ಮನಶ್ಯಾ ಇನ್ನಾ ಎದ್ದು ಕುಂತಿಲ್ಲ. ಮೊಬೈಲ ಇಳಸ್ರಿ."

ಒಬ್ಬರು ಏನೋ ಹೇಳಲು ಹೋದರು. ಅವಳು ಅವರನ್ನು ಬರೇ ನೋಡಿದಳು, ಅವರು ಮೊಬೈಲು ಕಿಸೆಗಿಟ್ಟರು. ಮನೆಯ ಗಂಡಸರು ಅವರನ್ನು ಎತ್ತಿಕೊಂಡು ಹಿತ್ತಲಿಗೆ ಹೋದರು. ಜಳಕ ಮುಗಿಯುವವರೆಗೆ ಮುದುಕಿ ಹಿತ್ತಲ ಬಾಗಿಲಿಗೆ ಅಡ್ಡಲಾಗಿ ಹಾಗೆಯೇ ನಿಂತಿದ್ದಳು, ಕೂರೆಂದರೂ ಕೂರಲಿಲ್ಲ. ಹೊರಗೆ ತಂದು, ನಮ್ಮ ಕಡೆಯ ಪದ್ಧತಿಯಂತೆ ಗೋಡೆಗೆ ಒರಗಿಸಿ ಕೂರಿಸಿದರು. ಹಣೆಗೆ ವಿಭೂತಿ, ಬಿಳಿ ಧೋತರ, ಹೆಗಲಿಗೆ ಶಾಲು, ಕೊರಳಿಗೆ ಮಾಲೆ ಬಂತು. ಅವರ ಹೆಂಡತಿ ಕನ್ನಡಕ ತಂದು ತಾವೇ ಹಾಕಿದರು.

ಶಾಲು ಒಂದು ಕಡೆ ಜಾರುತ್ತಿತ್ತು. ಗಂಗವ್ವ ಬಗ್ಗಿ ಅದರ ಅಂಚನ್ನು ಬೆರಳಿನಿಂದ ಮಡಿಸಿ, ಹಿಂದಕ್ಕೆ ಸಿಗಿಸಿ, ನಿರಿಗೆ ತೀಡಿ, ಒಂದು ಹೆಜ್ಜೆ ಹಿಂದೆ ಸರಿದು ನೋಡಿದಳು. ಕೈ ನಡುಗಲಿಲ್ಲ. ಆಮೇಲೆ ಬದಿಗೆ ಸರಿದು ನಿಂತು, ಮುತ್ತುವಿನ ಕಡೆ ತಿರುಗಿದಳು.

"ಈಗ ತಗೀಪಾ."